ಮೂರು ಸಲ ‘ಬೇಡ’ ಅಂದಮೇಲೆ

‘ಮೇಡಂ, ನೀವಾದ್ರೂ ಇವನಿಗೆ ಸ್ವಲ್ಪ ಭಯ ಹುಟ್ಸಿ.’

ಮಗನ ವಿಷಯಕ್ಕೆ ಆಪ್ತಸಮಾಲೋಚನೆಗೆ ಅಂತ ನನ್ನ ಬಳಿ ಬಂದ ತಾಯಿಯೊಬ್ಬರು ಕುರ್ಚಿ ಎಳೆದುಕೊಳ್ಳುವ ಮೊದಲೇ ಹೇಳಿದ ಮಾತಿದು. ಹಿಂದೆ ಅಜ್ಜಿ ಇದ್ದರು. ಅಜ್ಜಿಯ ಸೆರಗು ಹಿಡಿದು 9 ವರ್ಷದ ಹುಡುಗ ನಿಂತಿದ್ದ. ಇಲ್ಲಿ ಅವನನ್ನು ಚಿನ್ನು ಅಂತ ಕರೆಯುತ್ತೇನೆ. ಗುರುತು ಸಿಗಬಾರದು ಅಂತ ಇನ್ನೂ ಕೆಲವು ವಿವರ ಬದಲಿಸಿದ್ದೇನೆ. ಬರೆಯುವುದಕ್ಕೆ ಮನೆಯವರ ಒಪ್ಪಿಗೆ ಇದೆ. ಅಜ್ಜಿಯಂತೂ ‘ಬರೀರಿ, ನಾಲ್ಕು ಮನೆಗೆ ಬುದ್ಧಿ ಬರಲಿ’ ಅಂದರು.

ತಾಯಿ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಬೆಳಿಗ್ಗೆ ಎಂಟಕ್ಕೆ ವ್ಯಾನ್ ಹತ್ತಿದರೆ ಮನೆ ಸೇರುವುದು ಸಂಜೆ ಆರೂವರೆಗೆ. ತಂದೆ ಲಾರಿ ಓಡಿಸುತ್ತಾರೆ. ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಜಾಸ್ತಿ. ಹುಡುಗ ಊರಿನ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಅವನನ್ನು ಎಬ್ಬಿಸುವುದು, ಕಳಿಸುವುದು, ವಾಪಸ್ ಬಂದಾಗ ಬಾಗಿಲು ತೆಗೆಯುವುದು ಎಲ್ಲಾ ಅಜ್ಜಿಯೇ.

ದೂರುಗಳ ಪಟ್ಟಿ ಉದ್ದ ಇತ್ತು. ಊಟಕ್ಕೆ ಮೊಬೈಲ್ ಬೇಕು. ಹೋಂವರ್ಕ್ ಅಂದರೆ ಹೊಟ್ಟೆನೋವು. ರಾತ್ರಿ ಹನ್ನೊಂದಾದರೂ ಮಲಗುವುದಿಲ್ಲ. ಕೊಡಲ್ಲ ಅಂದರೆ ಬ್ಯಾಗು ಎಸೆಯುತ್ತಾನೆ. ಇಷ್ಟಾದರೂ ಅವರು ಬಂದಿರಲಿಲ್ಲ. ಹಿಂದಿನ ವಾರ ಅಜ್ಜಿಯ ಎಲೆಅಡಿಕೆ ಚೀಲದಿಂದ 50 ರೂಪಾಯಿ ತೆಗೆದು, ಶಾಲೆ ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ನಾಲ್ಕು ಜನ ಹುಡುಗರಿಗೆ ತಿಂಡಿ ಕೊಡಿಸಿದ್ದ. ಅದು ಗೊತ್ತಾದ ಮೇಲೆ ಬಂದರು. ‘ನಮ್ಮ ವಂಶದಲ್ಲೇ ಕಳ್ಳರಿಲ್ಲ ಮೇಡಂ’ ಅಂತ ತಾಯಿ ಹುಡುಗನ ಎದುರಿಗೇ ಅತ್ತರು.

ಮಾಡಬಾರದ್ದನ್ನೆಲ್ಲ ಅವರು ಆಗಲೇ ಮಾಡಿ ನೋಡಿದ್ದರು. ಹೊಡೆದಿದ್ದರು. ‘ಹಾಸ್ಟೆಲಿಗೆ ಹಾಕ್ತೀವಿ’ ಅಂತ ಹೆದರಿಸಿದ್ದರು. ಈ ಹಾಸ್ಟೆಲ್ ಅನ್ನುವ ಗುಮ್ಮ ನಮ್ಮ ಊರುಗಳಲ್ಲಿ ಎಷ್ಟು ಮಕ್ಕಳನ್ನು ಹೆದರಿಸಿದೆಯೋ! ನಿಜಕ್ಕೂ ಹಾಸ್ಟೆಲಿಗೆ ಸೇರಬೇಕಾದ ಮಗು ಅಲ್ಲಿಗೆ ಹೋಗುವಾಗ ಜೈಲಿಗೆ ಹೋದ ಹಾಗೆ ಹೋಗುತ್ತದೆ. ಕೊನೆಗೆ ಶಾಲೆಗೆ ಹೋಗಿ ‘ಚರ್ಮ ಸುಲೀರಿ ಮಿಸ್, ನಾವು ಕೇಳಲ್ಲ’ ಅಂದಿದ್ದರು. ಮಿಸ್ ‘ನಾವು ಕೈ ಮಾಡೋ ಹಾಗಿಲ್ಲಮ್ಮ’ ಅಂದರಂತೆ. ಸರಿಯಾಗೇ ಹೇಳಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸುತ್ತದೆ. ಅಪ್ಪ ಅಮ್ಮ ಬಂದು ಕೈ ಮುಗಿದು ಕೇಳಿದರೂ ಅದು ಬದಲಾಗುವುದಿಲ್ಲ.

ದೊಡ್ಡವರನ್ನು ಹೊರಗೆ ಕೂರಿಸಿ ಚಿನ್ನು ಜೊತೆ ಮಾತಾಡಿದೆ. ಮೊದಲ ಇಪ್ಪತ್ತು ನಿಮಿಷ ಅವನು ಲಾರಿ ಚಿತ್ರ ಬರೆದ. ಆಮೇಲೆ ಸುಮ್ನೆ ಕೇಳಿದೆ, ‘ಮೊಬೈಲ್ ಬೇಕು ಅಂದ್ರೆ ಮನೇಲಿ ಏನಾಗುತ್ತೆ?’

‘ಅಮ್ಮ ಮೂರು ಸಲ ಬೇಡ ಅಂತಾಳೆ. ಆಮೇಲೆ ಬೈತಾಳೆ. ಬೈದ್ಮೇಲೆ ಕೊಡ್ತಾಳೆ.’

‘ಅಜ್ಜಿ?’

‘ಅಜ್ಜಿ ಬೇಡ ಅನ್ನಲ್ಲ.’

‘ಅಪ್ಪ?’

‘ಅಪ್ಪ ಹೊಡೀತಾರೆ. ಆಮೇಲೆ ಐಸ್‌ಕ್ರೀಂ ಕೊಡಿಸ್ತಾರೆ.’

ಯಾವ ಬಸ್ಸು ಎಷ್ಟು ಗಂಟೆಗೆ ಅಂತ ಹೇಳುವ ಕಂಡಕ್ಟರ್ ಥರ ಹೇಳಿದ. ದೂರಿಲ್ಲ, ದುಃಖವಿಲ್ಲ. ಮನೆಯವರು ಇವನನ್ನು ಹಟಮಾರಿ ಅನ್ನುತ್ತಿದ್ದರು. ನನಗೆ ಅನ್ನಿಸಿದ್ದೇ ಬೇರೆ. ಈ ಮನೆಯ ನಿಯಮಗಳು ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಇವನಿಗೇ. ‘ಬೇಡ’ ಅನ್ನುವುದು ಇಲ್ಲಿ ‘ಇನ್ನೂ ಸ್ವಲ್ಪ ಅಳು’ ಅನ್ನುವುದರ ಇನ್ನೊಂದು ಹೆಸರು. ಅವನು ನಿಯಮ ಮುರಿಯುತ್ತಿರಲಿಲ್ಲ, ಪಾಲಿಸುತ್ತಿದ್ದ.

ತಾಯಿಗೆ ಒಂದು ನೂರು ಪುಟದ ನೋಟ್‌ಬುಕ್ ತರಲು ಹೇಳಿದೆ. ಒಂದು ವಾರ ಏನನ್ನೂ ಬದಲಿಸಬೇಡಿ. ಬೇಡ ಅಂದಾಗೆಲ್ಲ ಒಂದು ಗೆರೆ ಹಾಕಿ. ಕೊನೆಗೆ ಕೊಟ್ಟಿದ್ದರೆ ಯಾರು, ಎಷ್ಟು ಹೊತ್ತಿನ ಮೇಲೆ ಕೊಟ್ಟರು ಅಂತ ಪಕ್ಕದಲ್ಲಿ ಬರೆಯಿರಿ. ಅವರಿಗೆ ನಿರಾಸೆ ಆಯಿತು. ಭಯ ಹುಟ್ಟಿಸಲು ಬಂದವರಿಗೆ ನಾನು ಹೋಂವರ್ಕ್ ಕೊಟ್ಟೆ.

ಮುಂದಿನ ಶನಿವಾರ ಆ ಪುಸ್ತಕ ನನ್ನ ಮುಂದೆ ಇಡುವಾಗ ಆಯಮ್ಮನ ಮುಖ ಸಣ್ಣದಾಗಿತ್ತು. ಗೆರೆಗಳು ಎಷ್ಟಿದ್ದವು ಅನ್ನುವುದು ಮುಖ್ಯವಲ್ಲ. ಅರ್ಧಕ್ಕಿಂತ ಹೆಚ್ಚು ಗೆರೆಗಳ ಪಕ್ಕ ‘ಕೊಟ್ಟೆ’ ಅಥವಾ ‘ಅತ್ತೆ ಕೊಟ್ಟರು’ ಅಂತಿತ್ತು. ಒಂದು ಕಡೆ ‘ತಲೆನೋವು, ಕೊಟ್ಟೆ’ ಅಂತ ಬರೆದಿದ್ದರು. ದಿನವಿಡೀ ಮಷೀನಿನ ಮುಂದೆ ಕೂತು ಬಂದವಳು ಇನ್ನೇನು ಮಾಡಿಯಾಳು? ಆ ಎರಡು ಪದ ಓದಿ ನನಗೂ ಪಾಪ ಅನ್ನಿಸಿತು.

ಆದರೂ ಹೇಳಬೇಕಾದ್ದನ್ನು ಹೇಳಲೇಬೇಕು. ಪ್ರತಿ ಸಲ ಕೊಡುವುದಕ್ಕಿಂತ, ಪ್ರತಿ ಸಲ ಕೊಡದೇ ಇರುವುದಕ್ಕಿಂತ, ಒಮ್ಮೊಮ್ಮೆ ಕೊಡುವುದೇ ಹಟವನ್ನು ಗಟ್ಟಿ ಮಾಡುತ್ತದೆ. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಇದನ್ನು ಪಾರಿವಾಳಗಳಲ್ಲಿ ತೋರಿಸಿದ್ದರು. ಗುಂಡಿ ಕುಕ್ಕಿದಾಗ ಯಾವಾಗಲೋ ಒಮ್ಮೆ ಮಾತ್ರ ಕಾಳು ಸಿಗುವ ಹಕ್ಕಿ, ಕಾಳು ನಿಂತ ಮೇಲೂ ತುಂಬಾ ಹೊತ್ತು ಕುಕ್ಕುತ್ತಲೇ ಇರುತ್ತದೆ. ಪಾರಿವಾಳದ ಕಥೆ ತಾಯಿಗೆ ಅಷ್ಟು ಹಿಡಿಸಲಿಲ್ಲ. ಮೂಲೆಯಲ್ಲಿ ಕೂತಿದ್ದ ಅಜ್ಜಿ ತಲೆ ಎತ್ತಿದರು.

‘ಒಂದಂಕಿ ಲಾಟ್ರಿ ಇದ್ದಂಗೆ ಅನ್ನಿ.’

ಅವರ ಯಜಮಾನರು ದಿನಾ ಟಿಕೆಟ್ ಕೊಳ್ಳುತ್ತಿದ್ದರಂತೆ. ವರ್ಷಕ್ಕೆ ಎರಡೋ ಮೂರೋ ಸಲ ಹೊಡೆಯುತ್ತಿತ್ತಂತೆ. ‘ಒಂದ್ಸಲಾನೂ ಹೊಡೀದೆ ಇದ್ದಿದ್ರೆ ಆವತ್ತೇ ಬಿಡೋರು. ಆಗಾಗ ಹೊಡೀತಿತ್ತಲ್ಲ, ಅದ್ಕೇ ಎರಡು ಎಕ್ರೆ ಹೋಯ್ತು’ ಅಂದರು. ರಾಜ್ಯದಲ್ಲಿ ಲಾಟರಿ ನಿಂತಿದ್ದು 2007ರಲ್ಲಿ. ಆ ಮನೆಯ ಜಮೀನು ಅದಕ್ಕೂ ಮೊದಲೇ ಹೋಗಿತ್ತು. ‘ಹಂಗಾರೆ ನಾವು ಮಗೀಗೆ ಲಾಟ್ರಿ ಆಡ್ಸ್ತಾ ಇದೀವಾ?’ ಅಂತ ಅಜ್ಜಿ ಸೊಸೆಯನ್ನು ನೋಡಿದರು. ನಾನು ಇಷ್ಟು ವರ್ಷದಲ್ಲಿ ಇದನ್ನು ಇದಕ್ಕಿಂತ ಚೆನ್ನಾಗಿ ಯಾರಿಗೂ ವಿವರಿಸಿಲ್ಲ. ಈಗ ಬೇರೆ ಮನೆಯವರಿಗೂ ಅಜ್ಜಿಯ ಲಾಟರಿಯನ್ನೇ ಹೇಳುತ್ತೇನೆ.

ಇನ್ನೊಂದು ಕೆಲಸ ಬಾಕಿ ಇತ್ತು. ಹೋಂವರ್ಕ್ ಅಂದರೆ ಯಾಕೆ ಹೊಟ್ಟೆನೋವು? ಅವನ ನೋಟ್‌ಬುಕ್ ತರಿಸಿ ನೋಡಿದೆ. ಬೋರ್ಡ್ ನೋಡಿ ಬರೆದದ್ದು ಮುದ್ದಾಗಿತ್ತು. ಉಕ್ತಲೇಖನದಲ್ಲಿ ಹತ್ತಕ್ಕೆ ಎರಡು. ಓದಲು ಕೊಟ್ಟೆ. ಕಾಗುಣಿತ ಬರುತ್ತದೆ, ಕಷ್ಟದ ಒತ್ತಕ್ಷರ ಬಂದ ಕೂಡಲೇ ಬಂಡಿ ನಿಲ್ಲುತ್ತದೆ. ‘ಅಕ್ಕ’ ಸರಿ, ‘ರಾಷ್ಟ್ರ’ ಅಂದರೆ ಬಾಯಿ ಒಣಗುತ್ತದೆ.

ಮಿಸ್‌ಗೆ ಫೋನ್ ಮಾಡಿದೆ. ಒಳ್ಳೆಯ ಹೆಂಗಸು, ಎರಡು ಕ್ಲಾಸು ಒಟ್ಟಿಗೆ ನೋಡಿಕೊಳ್ಳುತ್ತಾರೆ. ಅವರು ಹೇಳಿದ್ದನ್ನು ಪೋಷಕರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಸರ್ಕಾರಿ ಕನ್ನಡ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಮಕ್ಕಳು ಗುಂಪಾಗಿ ಕೂತು, ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಮೆಟ್ಟಿಲು ಹತ್ತುತ್ತಾರೆ. ನಾಲ್ಕಕ್ಕೆ ಬಂದ ಕೂಡಲೇ ಪಾಠಪುಸ್ತಕ, ಪಿರಿಯಡ್ಡು, ಪ್ರಶ್ನೋತ್ತರ. ಕೊನೆಯ ಮೆಟ್ಟಿಲುಗಳಲ್ಲಿ ಇನ್ನೂ ಕಾಲಿಟ್ಟಿದ್ದ ಮಗುವಿಗೆ ಇದು ಒಂದೇ ಸಲಕ್ಕೆ ಬೀಳುತ್ತದೆ. ಚಿನ್ನುವಿಗೆ ಬಿದ್ದಿತ್ತು. ‘ಓದಕ್ಕೆ ಬರಲ್ಲ’ ಅಂತ ಹುಡುಗರು ಆಟಕ್ಕೆ ಸೇರಿಸುತ್ತಿರಲಿಲ್ಲ. ತಿಂಡಿ ಕೊಡಿಸಿದ ದಿನ ಸೇರಿಸಿಕೊಂಡರು. 50 ರೂಪಾಯಿಯ ಲೆಕ್ಕ ಅಲ್ಲಿಗೆ ಸರಿಹೋಯಿತು.

ಇದರಿಂದ ಕದ್ದದ್ದು ಸರಿ ಅಂತ ಆಗುವುದಿಲ್ಲ. ಕಾರಣ ಗೊತ್ತಾದ ಕೂಡಲೇ ‘ಅಯ್ಯೋ ಪಾಪ’ ಅಂತ ಬಿಟ್ಟುಬಿಡುವವರೂ ಇದ್ದಾರೆ. ಅದೂ ತಪ್ಪೇ. ಚಿನ್ನುವಿಗೆ ಎರಡು ಬೇಕಿತ್ತು. ಓದಲು ಸಹಾಯ ಸಿಗಬೇಕು, ದುಡ್ಡು ವಾಪಸ್ ಕೊಡಲೇಬೇಕು.

ಹೀಗೆ ಮಾಡೋಣ ಅಂದೆ. ಪ್ರತಿ ಶನಿವಾರ ಅವನಿಗೆ 10 ರೂಪಾಯಿ. ಅದರಲ್ಲಿ 5 ಅವನದು, 5 ಅಜ್ಜಿಯ ಚೀಲಕ್ಕೆ. ಹತ್ತು ವಾರ. ಹಾಕುವಾಗ ಭಾಷಣ ಬೇಡ. ‘ಕಳ್ಳ’ ಅನ್ನುವ ಪದ ಮನೆಯಲ್ಲಿ ಮತ್ತೆ ಬರಕೂಡದು. ಚೀಲವನ್ನು ಮೊಳೆಗೆ ನೇತುಹಾಕುವುದು ಬಿಟ್ಟು ಒಳಗಿಡಿ. ‘ಮತ್ತೆ ತೆಗೀತಾನಾ ನೋಡೋಣ’ ಅಂತ ಬೇಕಂತಲೇ ಅಲ್ಲೇ ಬಿಟ್ಟು ಪರೀಕ್ಷೆ ಮಾಡಬೇಡಿ.

ಮೊಬೈಲ್ ವಿಷಯದಲ್ಲಿ ತಾಯಿ ಹನ್ನೊಂದು ನಿಯಮ ಬರೆದುಕೊಂಡು ಬಂದಿದ್ದರು. ಒಂಬತ್ತನ್ನು ಹೊಡೆದುಹಾಕಿಸಿದೆ. ಪಾಲಿಸಲಾಗದ ನಿಯಮ ಮಾಡಿದರೆ ನಿಯಮ ಮುರಿಯುವುದನ್ನೇ ಕಲಿಸಿದ ಹಾಗೆ. ಉಳಿದದ್ದು ಎರಡು. ತಟ್ಟೆ ಮುಂದೆ ಮೊಬೈಲ್ ಇಲ್ಲ, ದೊಡ್ಡವರಿಗೂ ಇಲ್ಲ. ರಾತ್ರಿ ಎಂಟಕ್ಕೆ ಅದು ಅಡುಗೆಮನೆಯ ಖಾಲಿ ಬೇಳೆ ಡಬ್ಬಿಯೊಳಗೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ತಾಸು ನಿದ್ದೆ ಬೇಕು ಅಂತ ನಿದ್ರಾತಜ್ಞರು ಹೇಳುತ್ತಾರೆ. ಹನ್ನೊಂದೂವರೆಗೆ ಮಲಗಿ ಏಳಕ್ಕೆ ಏಳುವ ಹುಡುಗ ಬಿಸಿಯೂಟ ಆದಮೇಲೆ ಡೆಸ್ಕಿನ ಮೇಲೆ ತೂಕಡಿಸದೆ ಇನ್ನೇನು ಮಾಡುತ್ತಾನೆ?

ಡಬ್ಬಿ ಯಾರ ಕೈಯಲ್ಲಿರಬೇಕು? ಅಜ್ಜಿ ಕೈಯಲ್ಲಿ. ತಾಯಿಗೆ ಇದು ಸುತರಾಂ ಇಷ್ಟವಿರಲಿಲ್ಲ. ‘ಕೊಡೋದೇ ಅವ್ರು ಮೇಡಂ!’ ಅದಕ್ಕೇ ಅಂದೆ. ಸಂಜೆಯ ಎರಡು ಗಂಟೆ ಮಗುವಿನ ಜೊತೆ ಇರುವವರನ್ನು ಬಿಟ್ಟು ಮಾಡಿದ ಬೇಲಿಗೆ ಒಂದು ಕಡೆ ಯಾವಾಗಲೂ ದಾರಿ ಇರುತ್ತದೆ. ಮತ್ತೆ ಲಾಟರಿ ಗೊತ್ತಿದ್ದದ್ದೂ ಅವರಿಗೇ ಅಲ್ವಾ?

ತಂದೆ ಜೊತೆ ಫೋನಿನಲ್ಲೇ ಮಾತು. ಅವರು ರಾತ್ರಿ ಎಂಟೂವರೆಗೆ ವಿಡಿಯೊ ಕಾಲ್ ಮಾಡುತ್ತಿದ್ದರು. ಕಾಲ್ ಮುಗಿದ ಮೇಲೆ ಫೋನ್ ಹುಡುಗನ ಕೈಯಲ್ಲೇ ಉಳಿಯುತ್ತಿತ್ತು. ಏಳಕ್ಕೆ ಮಾಡಿ ಅಂದೆ. ‘ಢಾಬಾದಲ್ಲಿ ನಿಲ್ಸಿದಾಗ ಮಾಡೋದು ಮೇಡಂ, ಟೈಮ್ ನಮ್ಮ ಕೈಲಿಲ್ಲ.’ ನಿಜವೇ. ಏಳಕ್ಕೆ ಆಗದ ದಿನ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಅಂತ ತೀರ್ಮಾನ ಆಯಿತು. ಹೊಡೆತವೂ ಬೇಡ, ಹೊಡೆದ ತಪ್ಪಿಗೆ ಐಸ್‌ಕ್ರೀಮೂ ಬೇಡ ಅಂದೆ. ಆ ಕಡೆಯಿಂದ ಮಾತು ಬರಲಿಲ್ಲ.

ಬೇಡಗಳ ಜೊತೆಗೆ ಬೇಕುಗಳನ್ನೂ ಬರೆಸಿದೆ. ಮಗು ಬೆಳೆಯುತ್ತಿದೆ ಅಂದಮೇಲೆ ಅದರ ಜಾಗವೂ ದೊಡ್ಡದಾಗಬೇಕು. ನಾಲ್ಕನೇ ಕ್ಲಾಸಿನ ಹುಡುಗನಿಗೆ ಅಜ್ಜಿ ಇನ್ನೂ ತುತ್ತು ಮಾಡಿ ಬಾಯಿಗಿಡುತ್ತಿದ್ದರು. ಅಮ್ಮ ಸ್ನಾನ ಮಾಡಿಸುತ್ತಿದ್ದರು. ಇನ್ನು ಎರಡೂ ಅವನೇ. ಯಾವ ವಿಷಯದ ಹೋಂವರ್ಕ್ ಮೊದಲು ಅನ್ನುವುದು ಅವನ ಇಷ್ಟ. ಸಂಜೆ ಬೀದಿ ಕೊನೆಯವರೆಗೆ ಸೈಕಲ್. ಹಾಲಿನ ಅಂಗಡಿಗೆ ಒಬ್ಬನೇ ಹೋಗಿಬರುವುದು. ಕೈತುತ್ತು ನಿಲ್ಲುತ್ತದೆ ಅಂದಾಗ ಅಜ್ಜಿ ಕಣ್ಣಲ್ಲಿ ನೀರು. ಭಾನುವಾರ ಒಂದು ಹೊತ್ತು ಇರಲಿ ಅಂದೆ. ಇದು ಯಾವ ಶಾಸ್ತ್ರದಲ್ಲೂ ಇಲ್ಲ, ನನ್ನದೇ.

ಮೊದಲ ವಾರ ಪರವಾಗಿಲ್ಲ. ಎರಡನೇ ವಾರ ಹಟ ಇಮ್ಮಡಿ ಆಯಿತು. ಹಳೆಯ ಬಸ್ಸು ಬರಲಿಲ್ಲ ಅಂದರೆ ಜನ ಮೊದಲು ಕೂಗಾಡುತ್ತಾರೆ, ಆಮೇಲೆ ತಾನೇ ನಡೆಯುವುದು. ಹೀಗಾಗುತ್ತದೆ ಅಂತ ಮುಂಚೆಯೇ ಹೇಳಿದ್ದೆ. ಆದರೂ ಚಿನ್ನು ಸ್ಟೀಲ್ ತಟ್ಟೆ ಎಸೆದ ರಾತ್ರಿ ತಾಯಿ ನನಗೆ ಆರು ಸಲ ಫೋನ್ ಮಾಡಿದ್ದರು. ಎಂಟರ ಮೇಲೆ ನಾನು ಫೋನ್ ಎತ್ತುವುದಿಲ್ಲ. ರಾತ್ರಿ ತೀರಾ ತಡೆಯಲಾಗದಿದ್ದರೆ ಇರಲಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಕೊಟ್ಟಿದ್ದೆ. ಅವರು ಅದಕ್ಕೆ ಮಾಡಿ ಮಾತಾಡಿದರಂತೆ. ಆ ರಾತ್ರಿ ಡಬ್ಬಿ ತೆರೆಯಲಿಲ್ಲ. ಚೆಲ್ಲಿದ ಅನ್ನ ಬಾಚಿದ್ದು ಚಿನ್ನು. ಅಜ್ಜಿ ಪಕ್ಕದಲ್ಲಿ ಕೂತಿದ್ದರಂತೆ, ಬಾಚಲು ಕೈ ಹಾಕಲಿಲ್ಲವಂತೆ. ಆ ಹೆಂಗಸಿಗೆ ಅದು ಎಷ್ಟು ಕಷ್ಟವಾಗಿರಬೇಕು ಅಂತ ನನಗೆ ಗೊತ್ತು.

ಬೆಳಿಗ್ಗೆ ಶಾಲೆಯಲ್ಲಿ ಮಕ್ಕಳು ಹಾಲು ಕುಡಿದ ಮೇಲೆ ಮಿಸ್ ಚಿನ್ನುವಿಗೆ ಹದಿನೈದು ನಿಮಿಷ ಒತ್ತಕ್ಷರದ ಕಾರ್ಡು ಹಿಡಿಸಿದರು. ಅವನ ಜೊತೆ ಇನ್ನೂ ಮೂವರು ಸಿಕ್ಕರು. ಚಿನ್ನುವನ್ನು ಚುಡಾಯಿಸುತ್ತಿದ್ದ ಒಬ್ಬನೂ ಅದರಲ್ಲಿದ್ದ! ಮೂರು ತಿಂಗಳಲ್ಲಿ ಸುಧಾರಿಸದಿದ್ದರೆ ಕಲಿಕಾ ತೊಂದರೆ ಇದೆಯಾ ಅಂತ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸೋಣ ಅಂದಿದ್ದೆ. ಸದ್ಯಕ್ಕೆ ಉಕ್ತಲೇಖನ ಹತ್ತಕ್ಕೆ ಆರಕ್ಕೆ ಬಂದಿದೆ. ಕಾದು ನೋಡುತ್ತಿದ್ದೇವೆ. ಅಜ್ಜಿಯ ಸಾಲ ಎಂಟು ವಾರ ತೀರಿದೆ. ಒಂದು ವಾರ ಅವನು ಮರೆತ ಹಾಗೆ ನಟಿಸಿದನಂತೆ, ಅಜ್ಜಿ ಮರೆಯಲಿಲ್ಲ.

ದೀಪಾವಳಿಗೆ ತಂದೆ ಬಂದರು. ವಾರಗಟ್ಟಲೆ ಮಗನ ಮುಖ ನೋಡದವರು, ಬರಿಗೈಯಲ್ಲಿ ಬರಲು ಮನಸ್ಸಾಗಲಿಲ್ಲ. ಚಿನ್ನುವಿಗೇ ಅಂತ ಒಂದು ಹೊಸ ಮೊಬೈಲ್ ತಂದರು. ತಾಯಿ ಫೋನಿನಲ್ಲಿ ಅಳುತ್ತಾ ಹೇಳುತ್ತಿರುವಾಗಲೇ ಅಜ್ಜಿ ಕಿತ್ತುಕೊಂಡು ಮಾತಾಡಿದರು.

‘ಅದ್ನೂ ಡಬ್ಬಿಗೆ ಹಾಕಿವ್ನಿ ಮೇಡಂ. ಈ ಶನಿವಾರ ನನ್ ಮಗನ್ನೇ ಕರ್ಕಬತ್ತೀನಿ. ಅವ್ನಿಗೆ ಹೇಳಿ.’