ನೊಣ ಎಲ್ಲಿ ಹೋಯಿತು?

ನಮಸ್ಕಾರ. ನಮ್ಮ ಪತ್ರಿಕೆಗೆ ನೀವು ಕಳಿಸಿದ ‘ಕಾಡಿನ ವಧು’ ಲೇಖನ ಎರಡು ಸಲ ಓದಿದೆ. ಮೂಡಿಗೆರೆ ಹತ್ತಿರದ ನಿಮ್ಮ ಕಾಫಿ ತೋಟದಲ್ಲಿ ಕಂಡ, ಬಲೆಯಂಥ ಲಂಗದ ಅಣಬೆಯ ಬಗ್ಗೆ ಬರೆದಿದ್ದೀರಿ. ಭಾಷೆ ಚೆನ್ನಾಗಿದೆ. ದರಗಿನಲ್ಲಿ ಅದರ ಎಳೆ ಮೊಗ್ಗನ್ನು ಕೋಳಿಮೊಟ್ಟೆ ಅಂದುಕೊಂಡು ಕೈಹಾಕಿ, ಮೆತ್ತಗಿದ್ದದ್ದಕ್ಕೆ ಬೆಚ್ಚಿದ ಸಾಲು ಇಷ್ಟವಾಯಿತು. ಆದರೆ ಎರಡು ಸಾಲು ಓದಿ ನಿಜವಾಗಿ ಬೇಜಾರಾಯಿತು.

‘ಬಿಳಿ ಮುಸುಕು ಹೊದ್ದ ವಧುವಿನಂತೆ ನಿಂತಿತ್ತು.’ ನೀವು ನೋಡಿದ ಮದುವೆಗಳಲ್ಲಿ ಮದುಮಗಳು ಬಾಸಿಂಗ ಕಟ್ಟಿಕೊಂಡಿರ್ತಾಳೆ, ಅಲ್ವಾ? ಬಿಳಿ ಮುಸುಕು ಎಲ್ಲಿಂದ ಬಂತು? 1798ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ವೆಂಟೆನಾ ಈ ಅಣಬೆಗೆ ಫ್ಯಾಲಸ್ ಇಂಡೂಸಿಯೇಟಸ್ ಎಂದು ಹೆಸರಿಟ್ಟಾಗಲೇ ಬಟ್ಟೆ ತೊಡಿಸಿ ಆಗಿದೆ. ಲ್ಯಾಟಿನ್‌ನಲ್ಲಿ ಇಂಡೂಸಿಯಂ ಅಂದರೆ ಒಳಗೆ ತೊಡುವ ಅಂಗಿ. ಅದನ್ನೇ ಮತ್ತೆ ಹೇಳುವ ಬದಲು, ಅದು ಯಾವ ಮರದ ಬುಡದಲ್ಲಿತ್ತು, ಹಿಂದಿನ ದಿನ ಮಳೆ ಬಂದಿತ್ತಾ, ಅಷ್ಟು ಹೇಳಿದ್ದರೆ ಸಾಕಿತ್ತು.

‘ಮಂದ ಸುವಾಸನೆ. ಗಾಳಿ ಅದರ ಬೀಜಗಳನ್ನು ಹೊತ್ತೊಯ್ಯುತ್ತದೆ.’ ಇಲ್ಲ. ಅದು ನಾರುತ್ತದೆ, ಕೊಳೆತ ಮಾಂಸದ ಹಾಗೆ. ನೀವು ಬಗ್ಗಿ ನೋಡಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರಿ. ಟೋಪಿಯ ಮೇಲಿನ ಕಂದುಹಸಿರು ಲೋಳೆಯಲ್ಲೇ ಅದರ ಬೀಜಕಗಳು, ಅಂದರೆ ಬೀಜದ ಬದಲು ಅಣಬೆಗಿರುವ ಸೂಕ್ಷ್ಮ ಕಣಗಳು, ಇರುವುದು. ಅಂಟು ಲೋಳೆಯನ್ನು ಗಾಳಿ ಎತ್ತುವುದಿಲ್ಲ. ನಾತಕ್ಕೆ ನೊಣ ಬರುತ್ತದೆ, ಲೋಳೆ ತಿನ್ನುತ್ತದೆ, ಕಾಲಿಗೂ ಮೆತ್ತಿಕೊಂಡು ಇನ್ನೊಂದು ಕಡೆ ಹೋಗಿ ಕೂರುತ್ತದೆ. ಮೊಟ್ಟೆಯಂಥ ಮೊಗ್ಗೊಡೆದು ಕೆಲವೇ ಗಂಟೆಯಲ್ಲಿ ಎದ್ದು ನಿಲ್ಲುವ ಈ ಅಣಬೆ ಬೇಗನೆ ಕುಸಿದೂ ಬಿಡುತ್ತದೆ. ಅದಕ್ಕಿರುವ ಸಮಯವೇ ಅಷ್ಟು. ನೊಣವನ್ನು ಬಿಟ್ಟರೆ ಇಡೀ ಕಥೆಯೇ ಬಿಟ್ಟಂತೆ. ನೆಲದೊಳಗೆ ಅದರ ಬಿಳಿ ಎಳೆಗಳು ಸತ್ತ ಮರ, ದರಗು ತಿಂದು ಮಣ್ಣಿಗೆ ಸಾರ ಬಿಡುವುದನ್ನು ನೀವು ‘ಪ್ರಕೃತಿಯ ವಿಸ್ಮಯ’ ಎಂದು ಮುಗಿಸಿದ್ದೀರಿ. ನಿಮ್ಮ ತೋಟದ ಕಾಫಿ ಬೇರಿಗೂ ಆ ಸಾರ ಬೇಕು.

ನಾನು ಹಾಸನದ ಒಂದು ಚಿಕ್ಕ ಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದಾಗ ಕಾಫಿ ಕೊಯ್ಲಿನ ಬಗ್ಗೆ ಬರೆದು, ‘ಎಲ್ಲೆಲ್ಲೂ ಕಾಫಿಯ ಘಮ’ ಎಂದಿದ್ದೆ. ನಮ್ಮ ಹಿರಿಯ ಸಂಪಾದಕರು ಓದಿ, “ಪಲ್ಪರ್ ಪಕ್ಕ ಯಾವತ್ತಾದರೂ ನಿಂತಿದ್ದೀಯಾ?” ಎಂದು ಕೇಳಿದರು. ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ. ಮರುದಿನ ಸಕಲೇಶಪುರದ ಬಸ್ಸು ಹತ್ತಿದೆ. ಸಿಪ್ಪೆ ಗುಂಡಿಯ ಹುಳಿ ನಾತ ಅಂಗಿಗೆ ಹಿಡಿದು ಮನೆಯವರೆಗೂ ಬಂತು. ಸಂಜೆ ಅದೇ ಅಂಗಿಯಲ್ಲಿ ಅವರ ಮುಂದೆ ನಿಂತೆ. ಅವರು ಮೂಗು ಸಿಂಡರಿಸಿ, “ಈಗ ಕೂತು ಬರಿ” ಅಂದರು.

ಮತ್ತೆ ಮೊಟ್ಟೆ ಕಂಡರೆ ಬೆಳಗ್ಗೆ ಬೇಗ ಹೋಗಿ ಪಕ್ಕದಲ್ಲೇ ಕೂತುಕೊಳ್ಳಿ. ಮೊದಲ ನೊಣ ಎಷ್ಟು ಗಂಟೆಗೆ ಬಂತು ಅಂತ ಬರೆದು ಕಳಿಸಿ. ಎರಡು ಪುಟ ನಿಮಗಾಗಿ ಇಟ್ಟಿರುತ್ತೇನೆ.