ನರದ ಬಗ್ಗೆ ಓದಲು ಕೂತರೆ ಎಲ್ಲೆಲ್ಲೂ ಸ್ಕ್ವಿಡ್ ಯಾಕೆ ಬರುತ್ತದೆ?

ನೀವು ಕೇಳಿದ್ದು ಇಷ್ಟು: ಫಿಸಿಕ್ಸ್‌ನಲ್ಲಿ ಬಿಎಸ್ಸಿ ಆಗಿದೆ, ಬಯೋಫಿಸಿಕ್ಸ್ ಕಡೆ ಹೋಗುವ ಮನಸ್ಸಿದೆ, ಆದರೆ ನರದ ಬಗ್ಗೆ ಯಾವ ಪುಸ್ತಕ ತೆಗೆದರೂ ಸ್ಕ್ವಿಡ್‌ನಿಂದಲೇ ಶುರು. ಮನುಷ್ಯನ ನರ, ಹೋಗಲಿ ಇಲಿಯ ನರ ಬಿಟ್ಟು ಈ ಸಮುದ್ರದ ಪ್ರಾಣಿ ಯಾಕೆ? ಅದರಲ್ಲಿ ಕಂಡುಕೊಂಡದ್ದು ನಮಗೆ ಎಷ್ಟು ಅನ್ವಯಿಸುತ್ತದೆ?

ನಾನು ಕೆಲಸ ಮಾಡುವುದು ಇಲಿಯ ಮಿದುಳಿನ ತೆಳು ಹೋಳುಗಳ ಮೇಲೆ. ಸ್ಕ್ವಿಡ್ ಮುಟ್ಟಿದ್ದೇನಿದ್ದರೂ ಊಟದ ತಟ್ಟೆಯಲ್ಲೇ. ಮಂಗಳೂರು ಕಡೆ ಬೊಂಡಾಸ್ ಅನ್ನುತ್ತಾರಲ್ಲ, ಅದೇ. ಆದರೂ ದಿನಾ ಬಳಸುವ ಪ್ರತಿ ಸಮೀಕರಣ, ಪ್ರತಿ ಉಪಕರಣ ಅದರ ಹತ್ತಿರಕ್ಕೇ ಹೋಗಿ ಮುಟ್ಟುತ್ತದೆ.

ಚಿಕ್ಕ ಉತ್ತರ: ಗಾತ್ರ. ನಮ್ಮ ನರದ ಎಳೆಗಳು, ಅಂದರೆ ಆಕ್ಸಾನ್‌ಗಳು, ದಪ್ಪದಲ್ಲಿ ಹೆಚ್ಚೆಂದರೆ 20 ಮೈಕ್ರಾನ್. ಸ್ಕ್ವಿಡ್‌ನ ದೈತ್ಯ ಆಕ್ಸಾನ್ ಅರ್ಧ ಮಿಲಿಮೀಟರ್, ಕೆಲವದರಲ್ಲಿ ಒಂದು ಮಿಲಿಮೀಟರ್‌ವರೆಗೂ ಇರುತ್ತದೆ. ಬರಿಗಣ್ಣಿಗೇ ಕಾಣುತ್ತದೆ. ಸ್ಕ್ವಿಡ್ ಹೆದರಿದಾಗ ಮೈಯ ಹೊರಗೋಡೆಯನ್ನು ಒಮ್ಮೆಲೇ ಬಿಗಿದು, ನೀರನ್ನು ಚಿಮ್ಮಿ ಹಿಂದಕ್ಕೆ ಹಾರುತ್ತದೆ. ಅದಕ್ಕೆ ಆ ಸ್ನಾಯುಗಳಿಗೆಲ್ಲ ಸುದ್ದಿ ಬೇಗ ಮುಟ್ಟಬೇಕು. ನಮಗಿರುವಂಥ ಮಯಲಿನ್ ಹೊದಿಕೆ (ಎಳೆಯ ಸುತ್ತ ಇರುವ ಕೊಬ್ಬಿನ ಪದರ) ಇಲ್ಲದ ಪ್ರಾಣಿಗೆ ವೇಗ ಹೆಚ್ಚಿಸಿಕೊಳ್ಳಲು ಇರುವ ಮುಖ್ಯ ದಾರಿ ಎಳೆಯನ್ನು ದಪ್ಪ ಮಾಡುವುದು. ದಪ್ಪ ಹೆಚ್ಚಿದಂತೆ ಉದ್ದಕ್ಕೆ ಹರಿಯುವ ಕರೆಂಟಿಗೆ ರೆಸಿಸ್ಟೆನ್ಸ್ ಕಡಿಮೆ. ಫಿಸಿಕ್ಸ್ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಆಕ್ಸಾನನ್ನು 1909ರಲ್ಲೇ ವಿಲಿಯಮ್ಸ್ ಎನ್ನುವವರು ವಿವರಿಸಿದ್ದರು. ಹೆಚ್ಚಿನವರು ತಲೆ ಕೆಡಿಸಿಕೊಳ್ಳಲಿಲ್ಲ. 1936ರ ಹೊತ್ತಿಗೆ ಬ್ರಿಟನ್ನಿನ ಜೆ. ಜೆಡ್. ಯಂಗ್ ಮತ್ತೆ ಅದನ್ನು ಎತ್ತಿ ತೋರಿಸಿ, ಇದು ನರವೇ, ಪ್ರಯೋಗಕ್ಕೆ ಒದಗುತ್ತದೆ ಎಂದರು. ಅಲ್ಲಿಂದ ಮುಂದೆ ಸಮುದ್ರ ತೀರದ ಪ್ರಯೋಗಾಲಯಗಳಿಗೆ ಫಿಸಿಕ್ಸ್ ಗೊತ್ತಿದ್ದವರು ಬರತೊಡಗಿದರು. ಅಮೆರಿಕದ ವುಡ್ಸ್ ಹೋಲ್‌ನಲ್ಲಿ ಕೆ. ಎಸ್. ಕೋಲ್ ಮತ್ತು ಕರ್ಟಿಸ್, ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಕೇಂಬ್ರಿಜ್‌ನ ಅಲನ್ ಹಾಜ್ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ.

ಆಗ ಇದ್ದ ಪ್ರಶ್ನೆ ಯಾವುದು ಅಂತ ಗೊತ್ತಿದ್ದರೆ ಮುಂದಿನದರ ರುಚಿ ಸಿಗುತ್ತದೆ. ಜರ್ಮನಿಯ ಬರ್ನ್‌ಸ್ಟೈನ್ 1902ರಲ್ಲಿ ಒಂದು ವಾದ ಮುಂದಿಟ್ಟಿದ್ದರು. ಸುಮ್ಮನಿರುವ ನರದ ಪೊರೆ ಪೊಟಾಸಿಯಂ ಅಯಾನುಗಳನ್ನು ಮಾತ್ರ ದಾಟಗೊಡುತ್ತದೆ, ಹಾಗಾಗಿ ಒಳಗೆ ಋಣ ವೋಲ್ಟೇಜ್. ನರ ಮಿಡಿದಾಗ ಪೊರೆ ಒಂದು ಕ್ಷಣ ಎಲ್ಲ ಅಯಾನುಗಳನ್ನೂ ಬಿಡುತ್ತದೆ, ವೋಲ್ಟೇಜ್ ಸೊನ್ನೆಯ ಹತ್ತಿರ ಬರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಪೊರೆಯ ಎರಡೂ ಬದಿಗೆ ಎಲೆಕ್ಟ್ರೋಡ್ ಇಟ್ಟು ನೋಡದೆ ಸರಿಯೋ ತಪ್ಪೋ ಹೇಳುವುದು ಹೇಗೆ? 20 ಮೈಕ್ರಾನ್ ಎಳೆಯೊಳಗೆ ಆಗ ಯಾರೂ ಎಲೆಕ್ಟ್ರೋಡ್ ತೂರಿಸುವಂತಿರಲಿಲ್ಲ.

1939ರ ಆಗಸ್ಟ್. ಹಾಜ್ಕಿನ್‌ಗೆ 25, ಹಕ್ಸ್‌ಲಿಗೆ 21. ಮೊದಲು ಅವರು ಮಾಡಹೊರಟಿದ್ದೇ ಬೇರೆ. ಆಕ್ಸಾನ್ ಒಳಗಿನ ದ್ರವ ಎಷ್ಟು ಮಂದ ಎಂದು ತಿಳಿಯಲು, ಅದನ್ನು ನೆಟ್ಟಗೆ ತೂಗುಹಾಕಿ ಒಳಗೆ ಪಾದರಸದ ಸಣ್ಣ ಹನಿ ಬಿಟ್ಟು ಎಷ್ಟು ಬೇಗ ಇಳಿಯುತ್ತದೆ ನೋಡೋಣ ಎಂಬ ಯೋಚನೆ. ಹನಿ ಇಳಿಯಲೇ ಇಲ್ಲ, ಒಳಗಿದ್ದದ್ದು ದ್ರವವಲ್ಲ, ಗಟ್ಟಿ ಜೆಲ್. ಆದರೆ ಆಕ್ಸಾನ್ ಹೇಗೂ ನೆಟ್ಟಗೆ ತೂಗುತ್ತಿದೆ. ಮೇಲಿನಿಂದ ಸುಮಾರು 0.1 ಮಿಲಿಮೀಟರ್ ದಪ್ಪದ ಗಾಜಿನ ನಳಿಕೆಯನ್ನೇ ಎಲೆಕ್ಟ್ರೋಡ್ ಮಾಡಿ ಇಳಿಬಿಟ್ಟರೆ? ಅದು ಪಕ್ಕದ ಗೋಡೆಗೆ ತಾಗಿದರೆ ಪೊರೆ ಹಾಳು. ಹಾಗಾಗಿ ಮುಂದಿನಿಂದಲೂ ಪಕ್ಕದಿಂದಲೂ ಒಟ್ಟಿಗೆ ಕಾಣುವಂತೆ ಹಕ್ಸ್‌ಲಿ ಕನ್ನಡಿಗಳನ್ನು ಜೋಡಿಸಿದರು. ಇಂಥ ಕೈಕೆಲಸ ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಬರುವುದಿಲ್ಲ. ನಮ್ಮ ಕ್ಷೇತ್ರದಲ್ಲಿ ಅರ್ಧ ಕೆಲಸ ಇದೇ.

ಫಲಿತಾಂಶ ಬರ್ನ್‌ಸ್ಟೈನ್ ವಾದಕ್ಕೆ ದೊಡ್ಡ ಏಟು. ಸುಮ್ಮನಿದ್ದಾಗ ಒಳಗೆ ಮೈನಸ್ 45 ಮಿಲಿವೋಲ್ಟ್ ಆಸುಪಾಸು. ಮಿಡಿದಾಗ ವೋಲ್ಟೇಜ್ ಸೊನ್ನೆಗೆ ಬಂದು ನಿಲ್ಲಲಿಲ್ಲ, ದಾಟಿ ಪ್ಲಸ್ 40ರ ತನಕ ಹೋಯಿತು. ಪೊರೆ ಸುಮ್ನೆ ತೂತಾದರೆ ಹೀಗಾಗುವುದಿಲ್ಲ ಅಲ್ವಾ? ಅಕ್ಟೋಬರ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಪುಟ್ಟ ಟಿಪ್ಪಣಿ ಬಂತು. ಅಷ್ಟರಲ್ಲಿ ಯುದ್ಧ ಶುರುವಾಗಿತ್ತು. ಹಾಜ್ಕಿನ್ ವಿಮಾನದ ರೇಡಾರ್ ಕೆಲಸಕ್ಕೆ ಹೋದರು, ಹಕ್ಸ್‌ಲಿ ಫಿರಂಗಿಗಳ ಲೆಕ್ಕಾಚಾರಕ್ಕೆ.

ಯುದ್ಧ ಮುಗಿದ ಮೇಲೆ, 1947ರಲ್ಲಿ, ಹಾಜ್ಕಿನ್ ಮತ್ತು ಬರ್ನಾರ್ಡ್ ಕಾಟ್ಜ್ ಸಮುದ್ರದ ನೀರಿನಲ್ಲಿ ಸೋಡಿಯಂ ಕಡಿಮೆ ಮಾಡಿ ನೋಡಿದರು. ಸೋಡಿಯಂ ಇಳಿದಂತೆ ಸ್ಪೈಕಿನ, ಅಂದರೆ ಮಿಡಿತದ ವೋಲ್ಟೇಜ್ ಏರಿಳಿತದ, ತುದಿಯೂ ಇಳಿಯಿತು. ಅಂದರೆ ಮಿಡಿತದ ಹೊತ್ತಿಗೆ ಪೊರೆ ಸೋಡಿಯಂಗೆ ಬಾಗಿಲು ತೆರೆಯುತ್ತದೆ. ಹೊರಗೆ ಸೋಡಿಯಂ ಜಾಸ್ತಿ, ಒಳಗೆ ಕಡಿಮೆ. ಒಳಗೆ ಹೊರಗೆ ಇರುವ ಅಯಾನಿನ ಪ್ರಮಾಣದಿಂದ ವೋಲ್ಟೇಜ್ ಹೇಳುವ ನರ್ನ್ಸ್ಟ್ ಸೂತ್ರ ಹಾಕಿದರೆ ಸುಮಾರು ಪ್ಲಸ್ 55 ಮಿಲಿವೋಲ್ಟ್ ಬರುತ್ತದೆ. ತುದಿ ಅದರ ಕೆಳಗೇ ನಿಲ್ಲುತ್ತದೆ. ಲೆಕ್ಕ ಕೂಡಿತು.

ನನ್ನ ಮಟ್ಟಿಗೆ ಸ್ಕ್ವಿಡ್ ಕಥೆಯ ಜೀವ ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಜನ ಸಮೀಕರಣಗಳನ್ನು ಹೊಗಳುತ್ತಾರೆ. ನಾನಾದರೆ ವೋಲ್ಟೇಜ್ ಕ್ಲಾಂಪ್‌ಗೆ ಕೈ ಮುಗಿಯುತ್ತೇನೆ.

ಕಷ್ಟ ಏನೆಂದರೆ, ಪೊರೆಯಲ್ಲಿ ಸೋಡಿಯಂ ದಾರಿ ತೆರೆಯುವುದು ವೋಲ್ಟೇಜ್ ಏರಿದಾಗ. ದಾರಿ ತೆರೆದರೆ ವೋಲ್ಟೇಜ್ ಇನ್ನೂ ಏರುತ್ತದೆ. ಏರಿದರೆ ಇನ್ನಷ್ಟು ತೆರೆಯುತ್ತದೆ. ಒಂದು ಮಿಲಿಸೆಕೆಂಡಿನೊಳಗೆ ಎಲ್ಲವೂ ಒಂದರಿಂದೊಂದು ಕೆರಳಿ ಮುಗಿದುಹೋಗುತ್ತದೆ. ಇದರಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸುವುದು ಹೇಗೆ? ಜೊತೆಗೆ ಪೊರೆ ಒಂದು ಕೆಪಾಸಿಟರ್ ಕೂಡ, ಚದರ ಸೆಂಟಿಮೀಟರಿಗೆ ಸುಮಾರು ಒಂದು ಮೈಕ್ರೋಫ್ಯಾರಡ್. ನೀವು ಅಳೆಯುವ ಕರೆಂಟಿನಲ್ಲಿ ಅದರ ಪಾಲೂ ಬೆರೆತಿರುತ್ತದೆ.

ವೋಲ್ಟೇಜ್ ಕ್ಲಾಂಪ್‌ನ ದಾರಿ ಇದು: ವೋಲ್ಟೇಜನ್ನು ಏರಲು ಇಳಿಯಲು ಬಿಡಲೇಬೇಡಿ. ಫೀಡ್‌ಬ್ಯಾಕ್ ಆಂಪ್ಲಿಫೈಯರ್ ಒಂದು ಮಟ್ಟಕ್ಕೆ ಹಿಡಿದು ನಿಲ್ಲಿಸಲಿ. ಹಾಗೆ ನಿಲ್ಲಿಸಲು ಎಷ್ಟು ಕರೆಂಟ್ ಸುರಿಯಬೇಕಾಯಿತು ಎಂದು ನೀವು ಅಳೆಯಿರಿ. ತೂತು ಕೊಡದಲ್ಲಿ ನೀರಿನ ಮಟ್ಟ ಇಳಿಯದಂತೆ ಸುರಿಯುತ್ತಾ ಇದ್ದರೆ, ಸುರಿದಷ್ಟೇ ಸೋರಿದೆ ಎಂದು ಅರ್ಥ ತಾನೆ? ವೋಲ್ಟೇಜ್ ಬದಲಾಗದಿದ್ದರೆ ಕೆಪಾಸಿಟರ್ ಕರೆಂಟ್ ಸೊನ್ನೆ. ಮಿಕ್ಕಿದ್ದೆಲ್ಲ ಅಯಾನುಗಳದ್ದು.

ಮೊದಲು ಇದನ್ನು ಸ್ಕ್ವಿಡ್ ಮೇಲೆ ಮಾಡಿದ್ದು ವುಡ್ಸ್ ಹೋಲ್‌ನಲ್ಲಿ ಕೋಲ್, 1947ರಲ್ಲಿ, ಮಾರ್ಮಂಟ್ ಜೊತೆ ಕೆಲಸ ಮಾಡುತ್ತಿದ್ದಾಗ. ಕೋಲ್ ಹೆಸರು ಇನ್ನಷ್ಟು ಕೇಳಿಬರಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಹಾಜ್ಕಿನ್, ಕೋಲ್ ಅವರಿಂದ ವಿಷಯ ತಿಳಿದು ಬಂದು, ಹಕ್ಸ್‌ಲಿ ಮತ್ತು ಕಾಟ್ಜ್ ಜೊತೆ ಪ್ಲಿಮತ್‌ನಲ್ಲಿ ತಮ್ಮದೇ ರೀತಿ ಕಟ್ಟಿದರು. ಗಾಜಿನ ಕಡ್ಡಿಗೆ ಎರಡು ಬೆಳ್ಳಿ ತಂತಿ ಸುತ್ತಿ ಆಕ್ಸಾನ್ ಒಳಗೆ ಉದ್ದಕ್ಕೂ ತೂರಿಸಿದರು. ಒಂದು ತಂತಿ ಕರೆಂಟ್ ಕೊಡಲು, ಇನ್ನೊಂದು ವೋಲ್ಟೇಜ್ ನೋಡಲು. ಒಂದೇ ತಂತಿಯಲ್ಲಿ ಎರಡೂ ಮಾಡಿದರೆ ಕರೆಂಟ್ ಹರಿದಾಗ ತಂತಿಯ ಮೇಲ್ಮೈಯಲ್ಲೇ ವೋಲ್ಟೇಜ್ ಹುಟ್ಟಿ ಅಳತೆ ಕೆಡುತ್ತದೆ.

ನಿಮ್ಮ ಮೊದಲ ಪ್ರಶ್ನೆಗೆ ಪೂರ್ತಿ ಉತ್ತರ ಇಲ್ಲಿದೆ. ಒಳಗೆ ಉದ್ದಕ್ಕೂ ಲೋಹದ ತಂತಿ ಇದ್ದರೆ ಆ ಭಾಗದ ಪೊರೆಯೆಲ್ಲ ಒಂದೇ ವೋಲ್ಟೇಜಿನಲ್ಲಿರುತ್ತದೆ. ಮಿಡಿತ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡುವುದಿಲ್ಲ. ಜಾಗದ ಲೆಕ್ಕ ಹೋಗಿ ಬರೀ ಸಮಯದ ಲೆಕ್ಕ ಉಳಿಯಿತು. ಭಾಗಶಃ ಅವಕಲನ ಸಮೀಕರಣ ಮಾಮೂಲಿ ಅವಕಲನ ಸಮೀಕರಣವಾಯಿತು, ಅದೂ ಕಾಗದದ ಮೇಲಲ್ಲ, ಪ್ರಾಣಿಯೊಳಗೆ! ಅಷ್ಟು ಉದ್ದದ ತಂತಿ ಹಿಡಿಸುವ ನರ ಆಗ ಸ್ಕ್ವಿಡ್ ಬಿಟ್ಟರೆ ಸುಲಭಕ್ಕೆ ಸಿಗುತ್ತಿರಲಿಲ್ಲ.

1952ರಲ್ಲಿ ಬಂದ ಪ್ರಬಂಧಗಳಿಗೆ ಬೇಕಾದ ದತ್ತಾಂಶದ ಬಹುಪಾಲು 1949ರ ಬೇಸಿಗೆಯಲ್ಲೇ ಸಿಕ್ಕಿತು. ವೋಲ್ಟೇಜನ್ನು ಮೇಲಕ್ಕೆ ಹಾರಿಸಿ ಹಿಡಿದರೆ ಮೊದಲು ಒಳಮುಖ ಕರೆಂಟ್, ಆಮೇಲೆ ಹೊರಮುಖ. ನೀರಿನ ಸೋಡಿಯಂ ತೆಗೆದು ಬದಲಿಗೆ ಕೋಲಿನ್ ಹಾಕಿದರೆ ಆ ಒಳಮುಖ ಭಾಗ ಮಾಯ. ಒಂದು ಅಳತೆಯಿಂದ ಇನ್ನೊಂದನ್ನು ಕಳೆದರೆ ಸೋಡಿಯಂ ಪಾಲು ಇಷ್ಟು, ಪೊಟಾಸಿಯಂ ಪಾಲು ಇಷ್ಟು ಎಂದು ಬೇರೆ ಬೇರೆ ಸಿಗುತ್ತದೆ. ಸೋಡಿಯಂ ದಾರಿ ಬೇಗ ತೆರೆದು ತಾನಾಗಿ ಮುಚ್ಚಿಕೊಳ್ಳುತ್ತದೆ. ಪೊಟಾಸಿಯಂ ದಾರಿ ನಿಧಾನಕ್ಕೆ ತೆರೆದು, ವೋಲ್ಟೇಜ್ ಹಿಡಿದಿಟ್ಟಷ್ಟು ಹೊತ್ತು ತೆರೆದೇ ಇರುತ್ತದೆ.

ಇದಕ್ಕೆ ಹೊಂದುವ ಸಮೀಕರಣ ಬರೆದರು. ಬಿಡಿಸಬೇಕಲ್ಲ? ಕೇಂಬ್ರಿಜ್‌ನ ಎಡ್‌ಸ್ಯಾಕ್ ಕಂಪ್ಯೂಟರ್ ಆಗ ಬದಲಾವಣೆಗಾಗಿ ತಿಂಗಳುಗಟ್ಟಲೆ ನಿಂತಿತ್ತು. ಹಕ್ಸ್‌ಲಿ ಕೈಯಲ್ಲಿ ಹಿಡಿ ತಿರುಗಿಸುವ ಬ್ರನ್ಸ್‌ವಿಗಾ ಲೆಕ್ಕದ ಯಂತ್ರ ಹಿಡಿದು ಕೂತರು. ಓಡುವ ಮಿಡಿತದ ಲೆಕ್ಕದಲ್ಲಿ ವೇಗವನ್ನು ಮೊದಲೇ ಊಹಿಸಬೇಕು. ಊಹೆ ತಪ್ಪಿದರೆ ವೋಲ್ಟೇಜ್ ಮೇಲಕ್ಕೋ ಕೆಳಕ್ಕೋ ಎಲ್ಲೆಯಿಲ್ಲದೆ ಓಡಿಹೋಗುತ್ತದೆ. ಮತ್ತೆ ಮೊದಲಿಂದ. ಕೊನೆಗೆ ನಿಂತ ಉತ್ತರ ಸೆಕೆಂಡಿಗೆ 18.8 ಮೀಟರ್. ನಿಜವಾದ ಆಕ್ಸಾನ್‌ನಲ್ಲಿ ಅಳೆದದ್ದು 21.2. ವೇಗದ ದತ್ತಾಂಶವನ್ನು ಸಮೀಕರಣಕ್ಕೆ ಎಲ್ಲೂ ತುಂಬಿರಲಿಲ್ಲ, ಅದು ತಾನಾಗಿ ಹೊರಬಂದದ್ದು. ಈಗಲೂ ನನಗೆ ಮೈ ಜುಮ್ಮೆನ್ನುವುದು ಈ ಒಂದು ಸಂಖ್ಯೆಗೆ. 1963ರಲ್ಲಿ ಇಬ್ಬರಿಗೂ ಜಾನ್ ಎಕ್ಲ್ಸ್ ಜೊತೆ ನೊಬೆಲ್ ಬಂತು.

ಇನ್ನು ಎರಡನೆಯ ಪ್ರಶ್ನೆ, ನಮಗೆ ಎಷ್ಟು ಅನ್ವಯಿಸುತ್ತದೆ. ತತ್ವ ಪೂರ್ತಿ ಅನ್ವಯಿಸುತ್ತದೆ, ಅಂಕಿಗಳು ಅನ್ವಯಿಸುವುದಿಲ್ಲ. ಸೋಡಿಯಂ ಒಳಗೆ, ಪೊಟಾಸಿಯಂ ಹೊರಗೆ, ದಾರಿಗಳ ಬೀಗ ವೋಲ್ಟೇಜಿನ ಕೈಯಲ್ಲಿ. ಇದು ನಿಮ್ಮ ಬೆರಳಲ್ಲೂ ಅಷ್ಟೇ. ಹಲ್ಲು ಕೀಳುವ ಮುಂಚೆ ಕೊಡುವ ಲಿಗ್ನೋಕೇನ್ ತಡೆಯುವುದು ಆ ಸೋಡಿಯಂ ದಾರಿಯನ್ನೇ. 1976ರಲ್ಲಿ ನೆಹರ್ ಮತ್ತು ಸಕ್‌ಮನ್ ಒಂದೊಂದೇ ಚಾನಲ್‌ನ, ಅಂದರೆ ಪೊರೆಯಲ್ಲಿನ ಒಂದೊಂದೇ ದಾರಿಯ, ಕರೆಂಟ್ ಅಳೆದು ತೋರಿಸಿದರು. ಅವರ ಪ್ಯಾಚ್ ಕ್ಲಾಂಪ್ ಬಂದ ಮೇಲೆ ಸಣ್ಣ ಕೋಶಗಳಿಗೂ ಕ್ಲಾಂಪ್ ಹಾಕುವಂತಾಯಿತು. ನಾನು ಹೊಟ್ಟೆ ಹೊರೆಯುತ್ತಿರುವುದು ಅದರಿಂದಲೇ.

ಆದರೆ ಸ್ಕ್ವಿಡ್ ನೋಡಿ ಸಸ್ತನಿಗಳ ಬಗ್ಗೆ ಕಣ್ಣು ಮುಚ್ಚಿ ಹೇಳಿದರೆ ಎಡವುತ್ತೀರಿ. ಮೊಲದ ನರದಲ್ಲಿ ಮಯಲಿನ್ ಬಿಟ್ಟುಹೋದ ಸಣ್ಣ ಜಾಗಗಳಿವೆ, ರಾನ್ವಿಯರ್ ಗಂಟುಗಳು. 1970ರ ದಶಕದ ಕೊನೆಯಲ್ಲಿ ಅಲ್ಲಿ ಕ್ಲಾಂಪ್ ಮಾಡಿ ನೋಡಿದರೆ ಪೊಟಾಸಿಯಂ ಕರೆಂಟ್ ಹೆಚ್ಚೂ ಕಡಿಮೆ ಇಲ್ಲವೇ ಇಲ್ಲ! ಸ್ಪೈಕ್ ಇಳಿಯುವುದು ಸೋಡಿಯಂ ದಾರಿ ಮುಚ್ಚಿ, ಮಿಕ್ಕ ಸೋರಿಕೆಯಿಂದ. ಪೊಟಾಸಿಯಂ ಚಾನಲ್‌ಗಳು ಇದ್ದವು, ಮಯಲಿನ್ ಕೆಳಗೆ ಅಡಗಿದ್ದವು. ಮಯಲಿನ್ ಸುಲಿದಾಗ ಹೊರಬಿದ್ದು ಮಿಡಿತವನ್ನೇ ಕುಂದಿಸುತ್ತವೆ. ಮಯಲಿನ್ ಹಾಳಾಗುವ ಕಾಯಿಲೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರಿಗೆ ನಡಿಗೆ ಸುಧಾರಿಸಲು ಕೊಡುವ ಡಾಲ್ಫಾಂಪ್ರಿಡೀನ್ ಪೊಟಾಸಿಯಂ ಚಾನಲ್ ತಡೆಯುವ ಔಷಧ. ಅಮೆರಿಕದಲ್ಲಿ 2010ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಸ್ಕ್ವಿಡ್‌ಗಿಂತ ಬೇರೆ ಇರುವ ಕಡೆಯಿಂದಲೇ ಔಷಧದ ದಾರಿ ಸಿಕ್ಕಿತು ನೋಡಿ.

ಶಕ್ತಿಯ ಲೆಕ್ಕದಲ್ಲೂ ಸ್ಕ್ವಿಡ್ ದುಂದುಗಾರ. ಸೋಡಿಯಂ ಒಳಬರುವುದು, ಪೊಟಾಸಿಯಂ ಹೊರಹೋಗುವುದು ಒಂದರ ಮೇಲೊಂದು ಬೀಳುವುದರಿಂದ ಕನಿಷ್ಠ ಬೇಕಾದದ್ದರ ಸುಮಾರು ನಾಲ್ಕು ಪಟ್ಟು ಸೋಡಿಯಂ ಒಳಬರುತ್ತದೆ ಎಂದು ಲೆಕ್ಕ ಹಾಕಿದ್ದರು. ಅದನ್ನೇ ಮಿದುಳಿಗೂ ಅಂಟಿಸಿ ನೋಡುತ್ತಿದ್ದರು. 2009ರಲ್ಲಿ ಇಲಿಯ ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗದ ಒಂದು ಬಗೆಯ ಆಕ್ಸಾನಿನಲ್ಲಿ ಅಳೆದಾಗ ಅದು ಬರೀ 1.3 ಪಟ್ಟು.

ನಿಮಗೆ ಒಂದು ಕೆಲಸ ಹೇಳುತ್ತೇನೆ. ಫಿಸಿಕ್ಸ್‌ನವರಿಗೆ ಬೇರೆ ಪರಿಚಯ ಬೇಡ. ಪೈಥಾನ್‌ನಲ್ಲಿ ಹಾಜ್ಕಿನ್ ಮತ್ತು ಹಕ್ಸ್‌ಲಿಯ ಈ ಸಮೀಕರಣಗಳನ್ನು ನೀವೇ ಬರೆಯಿರಿ, ರೆಡಿಮೇಡ್ ಪ್ಯಾಕೇಜ್ ಬೇಡ. ಸೋಡಿಯಂ, ಪೊಟಾಸಿಯಂ, ಸೋರಿಕೆಗೆ ಗರಿಷ್ಠ ಕಂಡಕ್ಟೆನ್ಸ್ ಕ್ರಮವಾಗಿ 120, 36, 0.3 ಮಿಲಿಸೀಮೆನ್ಸ್, ಚದರ ಸೆಂಟಿಮೀಟರಿಗೆ. ಉಷ್ಣತೆ 6.3 ಡಿಗ್ರಿ. ಹೆಜ್ಜೆ 0.01 ಮಿಲಿಸೆಕೆಂಡ್ ಇಟ್ಟರೆ ಆಯ್ಲರ್ ವಿಧಾನವೇ ಸಾಕು. ಮೊದಲು ಸ್ಪೈಕ್ ನೋಡಬೇಡಿ. ಮೊದಲು ವೋಲ್ಟೇಜನ್ನು ಕಟ್ಟಿಹಾಕಿ, ಎರಡೂ ಕರೆಂಟುಗಳ ಆಕಾರ ನೋಡಿ. ಆಮೇಲೆ ಬಿಟ್ಟು ಚದರ ಸೆಂಟಿಮೀಟರಿಗೆ 10 ಮೈಕ್ರೋ ಆಂಪಿಯರ್ ಕೊಡಿ, ಸ್ಪೈಕ್‌ಗಳು ಸಾಲಾಗಿ ಬರುತ್ತವೆ.

1952ರ ಮೂಲ ಪ್ರಬಂಧದಿಂದ ಅಂಕಿ ಎತ್ತುವುದಾದರೆ ಒಂದು ಎಚ್ಚರ. ಅದರಲ್ಲಿ ವೋಲ್ಟೇಜಿನ ಚಿಹ್ನೆ ಈಗಿನದಕ್ಕೆ ಉಲ್ಟಾ, ಸುಮ್ಮನಿರುವ ಸ್ಥಿತಿಯೇ ಸೊನ್ನೆ. ಅಲ್ಲಿ ಸೋಡಿಯಂಗೆ ಮೈನಸ್ 115 ಎಂದಿದ್ದರೆ ಈಗಿನ ಪುಸ್ತಕದಲ್ಲಿ ಅದು ಪ್ಲಸ್ 50. ಚಿಹ್ನೆ ತಿರುಗಿಸಿ, ಈಗ ಸುಮ್ಮನಿರುವ ವೋಲ್ಟೇಜ್ ಎಂದು ಹಿಡಿಯುವ ಮೈನಸ್ 65 ಕೂಡಿಸಿ, ಆಮೇಲೆ ಕೋಡ್ ಓಡಿಸಿ. ಗ್ರಾಫ್ ವಿಚಿತ್ರವಾಗಿ ಬಂದರೆ ಮೊದಲು ನೋಡಬೇಕಾದ ಜಾಗ ಇದೇ.