ಋಣಮುಕ್ತಿಯ ಆದೇಶ ಬಂದ ಮೇಲೂ ನಮೂನೆ ತುಂಬಬೇಕೇ?

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇನೆ. ದಿನಸಿ ಅಂಗಡಿ ಮುಚ್ಚಿ, ಒಬ್ಬನೇ ಅಮೆರಿಕದ ದಿವಾಳಿ ಸಂಹಿತೆಯ ಅಧ್ಯಾಯ 7ರ ಅಡಿ ದಿವಾಳಿ ಅರ್ಜಿ ಹಾಕಿದ್ದೆ. ಮಾರ್ಚ್‌ನಲ್ಲಿ ಋಣಮುಕ್ತಿ ಆದೇಶ, ಅಂದರೆ ಅದಕ್ಕೆ ಒಳಪಟ್ಟ ಸಾಲಗಳ ಹೊಣೆ ಇನ್ನು ನನ್ನ ಮೇಲಿಲ್ಲ ಎಂಬ ನ್ಯಾಯಾಲಯದ ಆದೇಶ ಬಂತು. ಈಗ ಹಳೆಯ ಕ್ರೆಡಿಟ್ ಕಾರ್ಡ್ ಸಂಸ್ಥೆಯೊಂದು ನನ್ನ ಸಂಬಳ, ಬ್ಯಾಂಕ್ ಖಾತೆ, ಪತ್ನಿಯ ಉದ್ಯೋಗದ ವಿವರ ಕೇಳುವ ನಮೂನೆಯೊಂದನ್ನು ಪತ್ರದ ಜೊತೆ ಕಳಿಸಿದೆ. 14 ದಿನಗಳ ಗಡುವು. ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ತುಂಬಬೇಡಿ. ಕಾರ್ಡ್ ಸಾಲ ಆ ಆದೇಶಕ್ಕೆ ಒಳಪಟ್ಟಿದ್ದರೆ, ಅದನ್ನು ನಿಮ್ಮಿಂದ ವಸೂಲಿ ಮಾಡುವ ಯಾವ ಪ್ರಯತ್ನಕ್ಕೂ ಅಮೆರಿಕದ ದಿವಾಳಿ ಸಂಹಿತೆಯ 524ನೇ ಕಲಂ ತಡೆ ಒಡ್ಡುತ್ತದೆ. ನಿಮ್ಮ ಸಂಬಳ ತಿಳಿದು ಅವರಿಗೆ ಆಗಬೇಕಾದ್ದೇನು? ಹೆದರಿಸಿ ಬರೆಸಿಕೊಳ್ಳುವ ಈ ಪರಿ ನನಗೆ ಸಿಟ್ಟು ತರಿಸುತ್ತದೆ.

ಆದರೆ ಪತ್ರವನ್ನು ಹರಿಯಬೇಡಿ. ಅಂಚೆ ಮುದ್ರೆಯಿರುವ ಲಕೋಟೆಯ ಸಮೇತ ಎತ್ತಿಡಿ. ಮೊಕದ್ದಮೆಯ ಸಂಖ್ಯೆ, ಆದೇಶದ ದಿನಾಂಕ ಬರೆದು, ಆದೇಶದ ಪ್ರತಿ ಲಗತ್ತಿಸಿ, ನಾಲ್ಕೇ ಸಾಲಿನ ಉತ್ತರವನ್ನು ಸ್ವೀಕೃತಿ ಸಹಿತ ನೋಂದಾಯಿತ ಅಂಚೆಯಲ್ಲಿ ಕಳಿಸಿ. ಫೋನಿನಲ್ಲಿ ಮಾತೇ ಬೇಡ. ಖಾತೆ ಸಂಖ್ಯೆ ಖಂಡಿತ ಬೇಡ. ಮತ್ತೆ ಪತ್ರ ಬಂದರೆ ನಿಮ್ಮ ವಕೀಲರು ಅದೇ ನ್ಯಾಯಾಲಯದಲ್ಲಿ ಆ ಸಂಸ್ಥೆಯ ವಿರುದ್ಧ ನ್ಯಾಯಾಂಗ ನಿಂದನೆಯ ಕ್ರಮ ಕೋರಬಹುದು.

ನನ್ನನ್ನು ಕಾಡುವುದು ಪತ್ನಿಯ ವಿಚಾರ. ಆದೇಶ ಕಾಯುವುದು ನಿಮ್ಮನ್ನು. ಆ ಕಾರ್ಡಿಗೆ ಅವರೂ ಜಂಟಿಯಾಗಿ ಸಹಿ ಹಾಕಿದ್ದರೆ ಅವರ ಹೊಣೆ ಉಳಿದಿರುತ್ತದೆ. ಕಾರ್ಡಿಗಾಗಿ ಹಾಕಿದ್ದ ಹಳೆಯ ಅರ್ಜಿ ಇಂದೇ ತೆಗೆದು ನೋಡಿ. ಅವರ ಸಹಿ ಇದ್ದರೆ ಉತ್ತರ ಕಳಿಸುವ ಮೊದಲು ವಕೀಲರನ್ನು ಕಾಣಿ. ಕಾರಿನ ಸಾಲವಿದ್ದರೆ ಅದನ್ನೂ ಕೇಳಿ: ಋಣಮುಕ್ತಿಯಾದರೂ ಕಾರಿನ ಮೇಲೆ ಸಾಲ ಕೊಟ್ಟವರಿಗಿರುವ ಅಡಮಾನದ ಹಕ್ಕು ಸಾಮಾನ್ಯವಾಗಿ ಉಳಿಯುತ್ತದೆ.